ಸಿನಗಾಗ್‌ನಲ್ಲಿ ಬುದ್ಧಿ ಹೇಳೋಕೆ ಹೋಗಿ

ಶಬ್ಬಾತ್ ಅಂದರೆ ನಮ್ಮ ಯೆಹೂದ್ಯರ ಶನಿವಾರದ ವಿಶ್ರಾಂತಿ ದಿನ. ಅವತ್ತು ಮೊಬೈಲ್ ಬಳಸೋದು, ಕಾರು ಓಡಿಸೋದು ನಿಯಮಕ್ಕೆ ವಿರುದ್ಧ. ಅಂಥ ಒಂದು ಬೆಳಗ್ಗೆ ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಒಬ್ಬ ಹುಡುಗ ಜೇಬಿನಿಂದ ಮೊಬೈಲ್ ತೆಗೆದು ಟೈಮ್ ನೋಡಿದ. ನಾನು ಎರಡು ಬೆಂಚು ಹಿಂದೆ ಇದ್ದೆ. "ಏಯ್, ಇವತ್ತು ಶಬ್ಬಾತ್!" ಅಂದುಬಿಟ್ಟೆ. ನಮ್ಮ ಧರ್ಮಗ್ರಂಥ ಟೋರಾ ಓದುತ್ತಿದ್ದವರೂ ತಲೆ ಎತ್ತಿದರು. ಹುಡುಗನ ಕಿವಿ ಕೆಂಪಾಯಿತು. ಹೊದ್ದಿದ್ದ ತಲ್ಲೀತ್ ಅನ್ನೋ ಪ್ರಾರ್ಥನೆಯ ಶಾಲನ್ನು ಅರ್ಧಂಬರ್ಧ ಮಡಚಿ ಬೆಂಚಿನ ಮೇಲಿಟ್ಟು ಎದ್ದು ಹೋದ.

ನಾನು ಹುಬ್ಬಳ್ಳಿಯಲ್ಲಿ ಬೆಳೆದ ಬೆನೆ ಇಸ್ರೇಲಿ, ಅಂದರೆ ಭಾರತದ ಒಂದು ಯೆಹೂದಿ ಸಮುದಾಯದವನು. ಇಸ್ರೇಲಿನ ಅಶ್ದೋದ್‌ಗೆ ಬಂದ ಮೇಲೆ ನಮ್ಮ ಪುಟ್ಟ ಸಿನಗಾಗ್‌ಗೆ ಗಬ್ಬಾಯಿ ಆದೆ. ಪ್ರಾರ್ಥನೆ ಯಾರು ನಡೆಸಬೇಕು, ಟೋರಾ ಹತ್ತಿರ ಯಾರನ್ನು ಕರೆಯಬೇಕು ಅಂತ ನೋಡಿಕೊಳ್ಳೋ ಕೆಲಸ. ಆ ದಿನ ಧರ್ಮದ ಕೆಲಸವನ್ನೇ ಮಾಡಿದೆ ಅಂದುಕೊಂಡಿದ್ದೆ. ತಪ್ಪು ಮಾಡಿದವನಿಗೆ ತಿಳಿಹೇಳೋದು ಆಜ್ಞೆಯೇ ತಾನೆ. ಹೀಬ್ರೂನಲ್ಲಿ ಅದಕ್ಕೆ ತೋಖಾಖಾ ಅನ್ನುತ್ತಾರೆ. ಟೋರಾದ ಯಾಜಕಕಾಂಡ 19ನೇ ಅಧ್ಯಾಯ, 17ನೇ ವಚನ: ಸಹೋದರನನ್ನು ಮನಸ್ಸಲ್ಲೇ ದ್ವೇಷಿಸಬೇಡ, ನಿನ್ನವನಿಗೆ ಅವನ ತಪ್ಪನ್ನು ಎತ್ತಿ ಹೇಳು, ಅವನ ದೆಸೆಯಿಂದ ಪಾಪ ಹೊರಬೇಡ. ಕೊನೆಯ ಮಾತನ್ನು ತಾಲ್ಮುದ್, ಅಂದರೆ ಹಳೆಯ ರಬ್ಬಿಗಳ ಚರ್ಚೆಗಳ ಗ್ರಂಥ, ಹೀಗೆ ಬಿಡಿಸುತ್ತದೆ: ಅವನ ಮುಖ ಬಣ್ಣಗೆಡುವ ಹಾಗೆ ಹೇಳಿದರೆ ಪಾಪ ನಿನ್ನದು. ನಾನು ಅಷ್ಟು ಜನರ ಮುಂದೆ ಅದನ್ನೇ ಮಾಡಿದ್ದೆ.

ಎರಡು ವಾರ ಅವನು ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಂತು ಅಂದ: "ಕಾಕಾ, ಆರು ತಿಂಗಳಿಂದ ಬರ್ತಿದ್ದೆ. ನಿನ್ನ ಹೆಸರೇನಪ್ಪಾ ಅಂತ ಒಂದ್ಸಲನಾದ್ರೂ ಕೇಳಿದ್ರಾ?" ಕೇಳಿರಲಿಲ್ಲ. ಕ್ಷಮೆ ಕೇಳಿ ಬಂದೆ. ಈಗಲೂ ದಾರಿಯಲ್ಲಿ ಸಿಕ್ಕರೆ ಶಲೋಮ್ ಅನ್ನುತ್ತಾನೆ. ಪ್ರಾರ್ಥನೆಗೆ ಮಾತ್ರ ಬೇರೆ ಕಡೆ ಹೋಗುತ್ತಾನೆ.

ಆಮೇಲೆ ಮಧ್ಯಯುಗದ ಯೆಹೂದಿ ಪಂಡಿತ ಮೈಮೊನಿಡೀಸ್ ಇದರ ಬಗ್ಗೆ ಬರೆದದ್ದನ್ನು ಸರಿಯಾಗಿ ಓದಿದೆ. ಇಬ್ಬರೇ ಇದ್ದಾಗ ಹೇಳು. ಮೆತ್ತಗೆ ಹೇಳು. ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೀಯ ಅಂತ ಅವನಿಗೂ ಗೊತ್ತಾಗಲಿ.

ನಮ್ಮಲ್ಲೊಬ್ಬ ಅಜ್ಜ ಇದ್ದಾರೆ. ಟೋರಾ ಓದುವಾಗಲೇ ಪಕ್ಕದವರ ಜೊತೆ ಅವರ ಹರಟೆ. ಈ ಸಲ ಬೆಂಚಿನಿಂದ ಕೂಗಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಅವರ ಮನೆ ತನಕ ಜೊತೆಗೆ ನಡೆದೆ. ಮೊದಲು ನನ್ನದೇ ಹೇಳಿಕೊಂಡೆ: "ಅಜ್ಜಾ, ನನ್ನ ಮನಸ್ಸೂ ಮಧ್ಯದಲ್ಲಿ ಎಲ್ಲೆಲ್ಲೋ ಹೋಗುತ್ತೆ. ನಿಮ್ಮ ಮಾತು ಕಿವಿಗೆ ಬಿದ್ದರೆ ಇನ್ನೂ ಜಾಸ್ತಿ ಹೋಗುತ್ತೆ." ಅಜ್ಜ ಮೆಟ್ಟಿಲ ಹತ್ತಿರ ನಿಂತರು. "ಹೆಂಡತಿ ಹೋದ ಮೇಲೆ ನಾನು ಮಾತಾಡೋದೇ ವಾರಕ್ಕೊಂದು ದಿನ ಕಣಪ್ಪಾ," ಅಂದರು. ಈಗ ಅರ್ಧ ಗಂಟೆ ಮೊದಲೇ ಬರುತ್ತಾರೆ. ಇಬ್ಬರೂ ಪುಸ್ತಕ ಜೋಡಿಸುತ್ತಾ ಹರಟುತ್ತೇವೆ. ಟೋರಾ ಓದುವಾಗ ಮಾತು ಪೂರ್ತಿ ನಿಂತಿಲ್ಲ. ಒಮ್ಮೆ ನನ್ನ ಕಡೆ ನೋಡಿಕೊಂಡು ಶುರು ಮಾಡುತ್ತಾರೆ, ಅಷ್ಟೇ.

ಕೇಳಿಸಿಕೊಳ್ಳುವಂಥ ಮಾತು ಹೇಳೋದು ಹೇಗೆ ಆಜ್ಞೆಯೋ, ಯಾರೂ ಕೇಳದ ಮಾತನ್ನು ಹೇಳದೆ ಇರೋದೂ ಹಾಗೇ ಅಂತ ತಾಲ್ಮುದ್‌ನಲ್ಲಿದೆ. ನನ್ನ ತಂಗಿಯ ಮಗಳು ಶಬ್ಬಾತ್ ದಿನವೇ ಕಾರು ಓಡಿಸಿಕೊಂಡು ಬರುತ್ತಾಳೆ. ನಿಯಮ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಸಲ ಹೇಳಿದ್ದೇನೆ. ಈಗ ಸುಮ್ನೆ ಊಟಕ್ಕೆ ಕೂರಿಸುತ್ತೇನೆ.

ಹಾಗಂತ ಎಲ್ಲದಕ್ಕೂ ಸುಮ್ಮನಿದ್ದರೆ ಅದು ಬರೀ ಪುಕ್ಕಲುತನ ಅಲ್ವಾ? ನಮ್ಮ ಸಿನಗಾಗ್‌ನವರೇ ಒಬ್ಬರು ಮನೆ ಕೆಲಸದಾಕೆಗೆ ಎರಡು ತಿಂಗಳಿಂದ ಸಂಬಳ ಕೊಟ್ಟಿರಲಿಲ್ಲ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಅನ್ನೋದು ಅದೇ 19ನೇ ಅಧ್ಯಾಯದಲ್ಲಿ, ನಾಲ್ಕು ವಚನ ಮೇಲೆ ಇದೆ. ಒಳ್ಳೆ ಸಮಯ ಬರಲಿ ಅಂತ ನಾನು ಕಾದರೆ ನಷ್ಟ ಆಕೆಗೆ. ಶಬ್ಬಾತ್ ಮುಗಿದ ರಾತ್ರಿಯೇ ಫೋನ್ ಮಾಡಿದೆ. ಮೆತ್ತಗೇ ಹೇಳಿದೆ. ಜಾರಿಸಿದರು. ಮತ್ತೆ ಮಾಡಿದೆ. ಮೂರನೇ ಸಲ, "ನಿನಗ್ಯಾಕೆ ಇದೆಲ್ಲ, ನಿನ್ನ ಕೆಲಸ ನೋಡ್ಕೋ ಹೋಗು," ಅಂತ ಬೈದರು.

ಎಲ್ಲಿಯ ತನಕ ತಿಳಿಹೇಳಬೇಕು ಅನ್ನೋದಕ್ಕೆ ತಾಲ್ಮುದ್‌ನಲ್ಲಿ ಮೂವರು ಪಂಡಿತರ ಮೂರು ಉತ್ತರ ಇವೆ. ಅವನು ಹೊಡೆಯೋ ತನಕ ಅಂತ ರವ್. ಶಾಪ ಹಾಕೋ ತನಕ ಅಂತ ಶ್ಮುಏಲ್. ಬೈಯೋ ತನಕ ಅಂತ ರಬ್ಬಿ ಯೋಖಾನಾನ್. ರಬ್ಬಿ ಯೋಖಾನಾನ್ ಲೆಕ್ಕದಲ್ಲಿ ನನ್ನ ಕೆಲಸ ಅಲ್ಲಿಗೇ ಮುಗಿದಿತ್ತು. ಆದರೂ ನಾಲ್ಕನೇ ಸಲ ಫೋನ್ ಮಾಡಿದೆ. ಆ ವಾರವೇ ಆಕೆಗೆ ದುಡ್ಡು ಸಿಕ್ಕಿತು. ಅವರು ಈಗ ನನ್ನ ಬೆಂಚಿನಲ್ಲಿ ಕೂರುವುದಿಲ್ಲ.