ಮುಂಬಯಿ ಹತ್ತಿರದ ಡೊಂಬಿವಲಿಯ ಟೆರೇಸಿನಲ್ಲಿ ಅಕ್ಷಾಂಶ, ರೇಖಾಂಶ ಅಳೆದ ಬಗೆ

ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ಭೂಮಧ್ಯರೇಖೆಯ ನೆತ್ತಿಗೆ ಬಂದಿರುತ್ತಾನೆ. ಅಂದು ನಡುಹಗಲಲ್ಲಿ ಅವನು ನಮ್ಮ ನೆತ್ತಿಯಿಂದ ಎಷ್ಟು ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೋ ಅದೇ ನಮ್ಮ ಅಕ್ಷಾಂಶ. ಬೇರೆ ದಿನಗಳಲ್ಲಿ ಕೂಡಿ ಕಳೆಯುವ ಲೆಕ್ಕ ಬರುತ್ತದೆ. ಮೊದಲ ಸಲಕ್ಕೆ ಆ ತಲೆನೋವು ಬೇಡ.

ಪೇಂಟ್ ಡಬ್ಬಿಗೆ ಮರಳು ತುಂಬಿ ಪರದೆಯ ರಾಡನ್ನು ನಿಲ್ಲಿಸಿದೆ. ಕೆಳಗೆ ಪ್ಲೈವುಡ್ ಹಲಗೆ. ಅದನ್ನು ರಸಮಟ್ಟ ಇಟ್ಟೇ ಸಮ ಮಾಡಬೇಕು, ಏಕೆಂದರೆ ಮಳೆನೀರು ಹರಿಯಲೆಂದು ಟೆರೇಸಿಗೆ ಇಳಿಜಾರು ಕೊಟ್ಟಿರುತ್ತಾರೆ. ಬರೀ ರಾಡಿನ ನೆರಳು ನಂಬುವಂಥದ್ದಲ್ಲ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಹಾಗಾಗಿ ಒಂದು ಮೀಟರ್ ರಾಡಿನ ನೆರಳ ತುದಿ ಸುಮಾರು 1 ಸೆಂ.ಮೀ. ಮಸುಕಾಗುತ್ತದೆ. ಅಷ್ಟು ತಪ್ಪಿದರೆ ಅರ್ಧ ಡಿಗ್ರಿ, ಅಂದರೆ 55 ಕಿ.ಮೀ.ಗೂ ಹೆಚ್ಚು ಹೋಯಿತು. ಅದಕ್ಕೇ ತುದಿಗೆ 4 ಮಿ.ಮೀ. ತೂತಿನ ರಟ್ಟು ಅಂಟಿಸಿ, ಹಲಗೆಯ ಮೇಲೆ ಬೀಳುವ ದುಂಡನೆಯ ಬೆಳಕಿನ ನಡುವನ್ನು ಗುರುತಿಸುತ್ತೇನೆ. ತೂತಿನಿಂದ ತೂಕದ ಗುಂಡು ಇಳಿಬಿಟ್ಟು ಅದು ತೋರಿಸಿದ ಜಾಗದಿಂದಲೇ ಅಳೆದರೆ ರಾಡು ತುಸು ವಾಲಿದ್ದರೂ ಚಿಂತೆಯಿಲ್ಲ. ಎತ್ತರ ತೂತಿನವರೆಗೆ ಸರಿಯಾಗಿ 100 ಸೆಂ.ಮೀ.

ಡೊಂಬಿವಲಿಯಲ್ಲಿ ಅಂದು ಅತಿ ಗಿಡ್ಡ ನೆರಳು, ಅಂದರೆ ಗುಂಡು ತೋರಿಸಿದ ಜಾಗದಿಂದ ಬೆಳಕಿನ ನಡುವಿನವರೆಗಿನ ಅತಿ ಕಡಿಮೆ ದೂರ, 34.9 ಸೆಂ.ಮೀ. ಬರಬೇಕು. ಫೋನಿನ ಕ್ಯಾಲ್ಕುಲೇಟರಿನಲ್ಲಿ 0.349ರ ವಿಲೋಮ ಟ್ಯಾನ್ ಒತ್ತಿದರೆ 19.2 ಡಿಗ್ರಿ.

ರೇಖಾಂಶಕ್ಕೆ ನಡುಹಗಲಿನ ಹೊತ್ತು ಬೇಕು. ಗಿಡ್ಡ ನೆರಳು ಕಾಯುತ್ತಾ ಕೂತರೆ ಸಿಗುವುದಿಲ್ಲ, ಆ ಹೊತ್ತಿಗೆ ಉದ್ದ ಬದಲಾಗುವುದೇ ಕಾಣದು. ಗುಂಡು ತೋರಿಸಿದ ಜಾಗವನ್ನು ಕೇಂದ್ರ ಮಾಡಿಕೊಂಡು, 11:30ಕ್ಕೆ ಬೆಳಕು ಬಿದ್ದ ಜಾಗದ ಮೇಲೆ ಹಾಯುವಂತೆ ದಾರದಿಂದ ವೃತ್ತ ಎಳೆಯಿರಿ. ಮಾರ್ಚಿನಲ್ಲಿ ಅದು ಮತ್ತೆ ಆ ವೃತ್ತ ಮುಟ್ಟುವುದು ಮಧ್ಯಾಹ್ನ 2:00ಕ್ಕೆ, ನಡು 12:45. ಆ ದಿನ ಸೂರ್ಯನ ಗಡಿಯಾರ 7 ನಿಮಿಷ ಹಿಂದಿರುತ್ತದೆ, ಅದನ್ನು ಕಳೆದರೆ 12:38. ನಮ್ಮ ಕೈಗಡಿಯಾರ ತೋರಿಸುವ ಭಾರತೀಯ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಡಿಗ್ರಿಗೆ 4 ನಿಮಿಷದಂತೆ 38 ನಿಮಿಷಕ್ಕೆ 9.5, ಉಳಿದದ್ದು 73 ಡಿಗ್ರಿ. ಒಂದು ನಿಮಿಷ ತಪ್ಪಿದರೆ ಇಲ್ಲಿ 26 ಕಿ.ಮೀ.

ಅದೇ ದಿನ ಧಾರವಾಡದಲ್ಲಿ ಯಾರಾದರೂ ಅಳೆದುಕೊಟ್ಟರೆ ಲೆಕ್ಕಕ್ಕೆ ರುಚಿ ಬರುತ್ತದೆ. ಅಲ್ಲಿ ನೆರಳು 27.7 ಸೆಂ.ಮೀ. ಪಣಜಿಯಲ್ಲೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅಲ್ಲಿ ನಡುಹಗಲು ಧಾರವಾಡಕ್ಕಿಂತ 5 ನಿಮಿಷ ತಡ. ಡೊಂಬಿವಲಿಗೂ ಧಾರವಾಡಕ್ಕೂ ಕೋನದ ವ್ಯತ್ಯಾಸ 3.76 ಡಿಗ್ರಿ, ಉತ್ತರ–ದಕ್ಷಿಣ ದೂರ ಸುಮಾರು 417 ಕಿ.ಮೀ. ಇವೆರಡರಿಂದ ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಹತ್ತಿರ ಬರುತ್ತದೆ. ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ 7.2 ಡಿಗ್ರಿ ಹಿಡಿದು ಮಾಡಿದ್ದೂ ಇದನ್ನೇ. ಬಸ್ಸಿನ ದಾರಿಯ ದೂರ ಹಾಕಿದರೆ ಮಾತ್ರ ಭೂಮಿ ಊದಿಕೊಳ್ಳುತ್ತದೆ.

ಡೊಂಬಿವಲಿಯಲ್ಲಿ ಮೇ 15ರ ಆಸುಪಾಸು ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಜುಲೈ ಕೊನೆಯಲ್ಲೂ ಹಾಗೇ, ಅದು ಮೋಡದ ಪಾಲು. ಡಿಸೆಂಬರ್ 22ಕ್ಕೆ ಅಳೆಯುವವರು ದೊಡ್ಡ ಹಲಗೆ ಇಟ್ಟುಕೊಳ್ಳಿ: ನೆರಳು 92 ಸೆಂ.ಮೀ., ಮೂರಡಿ ಹಲಗೆಯಿಂದ ಸ್ವಲ್ಪದರಲ್ಲೇ ಹೊರಗೆ ಬೀಳುತ್ತದೆ.