ಹೊಸ ಬೈಕಿನ ಟೂಲ್ ಕಿಟ್ ನಂಬಿ ಊರು ಬಿಡಬೇಡಿ

ಷೋರೂಮಿನಲ್ಲಿ ಕೀ ಕೈಗೆ ಬಂದ ಕೂಡಲೇ ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಹಾರ, ಅಲ್ಲಿಂದ ನೇರ ಚಾಮುಂಡಿ ಬೆಟ್ಟ. ಮೈಸೂರಿನಲ್ಲಿ ಹೊಸ ಬೈಕಿನ ಮೊದಲ ದಿನ ಹೀಗೆಯೇ ಕಳೆಯುತ್ತದೆ. ಸೀಟಿನ ಕೆಳಗಿರುವ ಪುಟ್ಟ ರೆಕ್ಸಿನ್ ಚೀಲದತ್ತ ಯಾರ ಕಣ್ಣೂ ಹೋಗುವುದಿಲ್ಲ. ಆಯುಧಪೂಜೆಯ ದಿನ ಕುಂಕುಮ ಇಡಿಸಿಕೊಂಡು ಮತ್ತೆ ಒಳಗೆ ಸೇರುವ ಈ ಚೀಲದ ಯೋಗ್ಯತೆ ಗೊತ್ತಾಗುವುದು ಬನ್ನೂರು ರಸ್ತೆಯಲ್ಲೋ ಪಾಂಡವಪುರದ ದಾರಿಯಲ್ಲೋ ಚೈನ್ ಕಳಚಿ ನಿಂತಾಗ. ಬೇಕಾದ ಅಳತೆಯ ಪಾನಾ ಅದರಲ್ಲಿ ಇರುವುದಿಲ್ಲ. ಇರುವ ಪಾನಾ, ಸ್ವಲ್ಪ ಒತ್ತಡ ಹಾಕಿದರೆ ಬಾಯಿ ಬಿಡುತ್ತದೆ. ಆಮೇಲೆ ಕಲ್ಲಿನಿಂದ ಪಾನಾದ ತುದಿಗೆ ಕುಟ್ಟುವ ಕಾರ್ಯಕ್ರಮ. ರಸ್ತೆ ಬದಿಯಲ್ಲಿ ಈ ದೃಶ್ಯವನ್ನು ಸಾಕಷ್ಟು ನೋಡಿದ್ದೇನೆ. ಕುಟ್ಟಿದವರಲ್ಲಿ ಹೆಚ್ಚಿನವರ ನಟ್ಟು ಮೂಲೆ ಸವೆದು ದುಂಡಗಾಗಿತ್ತೇ ಹೊರತು ಬಿಚ್ಚಿರಲಿಲ್ಲ.

ಹಾಗಾಗಿ ಬೈಕ್ ಬಂದ ಮೊದಲ ಭಾನುವಾರವೇ ಮನೆಯ ಅಂಗಳದಲ್ಲಿ ಈ ಕೆಲಸ ಮುಗಿಸಿ.

ಹಂತ 1: ಚೀಲ ಬಿಚ್ಚಿ ಹರಡಿ

ಎರಡು ಬಾಯಿಯ ಒಂದೆರಡು ಪಾನಾ, ಹಿಡಿಯಿಂದ ಕಿತ್ತು ತಿರುಗಿಸಿ ಹಾಕುವ ಪ್ಲಸ್-ಮೈನಸ್ ಸ್ಕ್ರೂಡ್ರೈವರ್, ಕೊಳವೆಯಂತಹ ಸ್ಪಾರ್ಕ್ ಪ್ಲಗ್ ಪಾನಾ, ಆರು ಮೂಲೆಯ ಒಂದು ಅಲೆನ್ ಕೀ. ಸಾಮಾನ್ಯವಾಗಿ ಇಷ್ಟೇ. ಕೆಲವು ಬೈಕ್‌ಗಳಲ್ಲಿ ಚೀಲ ತೆಗೆಯುವುದಕ್ಕೇ ಸೈಡ್ ಕವರಿನ ತಿರುಪು ಬಿಚ್ಚಬೇಕು. ಆ ತಿರುಪಿಗೆ ಬೇಕಾದ ಸ್ಕ್ರೂಡ್ರೈವರ್ ಚೀಲದ ಒಳಗಿರುತ್ತದೆ! ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ.

ಹಂತ 2: ಒಂದೊಂದನ್ನೂ ಬೈಕಿಗೆ ಹಿಡಿದು ನೋಡಿ

ಕನ್ನಡಿ, ಬ್ಯಾಟರಿ ಟರ್ಮಿನಲ್, ಕ್ಲಚ್ ಕೇಬಲ್, ಚೈನ್ ಅಡ್ಜಸ್ಟರ್, ಹಿಂದಿನ ಆಕ್ಸಲ್ (ಚಕ್ರದ ಅಚ್ಚು). ಯಾವುದಕ್ಕೆ ಯಾವ ಅಳತೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. 8, 10, 12, 14 ಮಿಲಿಮೀಟರಿನವು ಬಹುತೇಕ ಎಲ್ಲ ಬೈಕಿನಲ್ಲೂ ಬರುತ್ತವೆ. ಪ್ಲಸ್ ತಿರುಪಿನ ತಲೆಯ ಮೇಲೆ ಸಣ್ಣ ಚುಕ್ಕೆ ಇದ್ದರೆ ಅದು ಜಪಾನಿ ಅಳತೆಯದು. ಸಾದಾ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಕೆರೆದು ಹಾಕುತ್ತದೆ.

ಹಂತ 3: ಹಿಂದಿನ ಆಕ್ಸಲ್ ನಟ್ಟು

ಎಲ್ಲರೂ ಎಡವುವುದು ಇಲ್ಲೇ. ಚೈನ್ ಬಿಗಿ ಮಾಡುವುದಕ್ಕೂ ಚಕ್ರ ಬಿಚ್ಚುವುದಕ್ಕೂ ಇದೇ ಹೆಬ್ಬಾಗಿಲು. ಬೈಕಿಗೆ ತಕ್ಕಂತೆ 17, 19, 22 ಅಥವಾ 24ರ ನಟ್ಟು ಇರುತ್ತದೆ, ಆದರೆ ಅನೇಕ ಕಿಟ್‌ಗಳಲ್ಲಿ ಆ ಅಳತೆಯ ಪಾನಾವೇ ಇಲ್ಲ. ಇದ್ದರೂ ಹದಿನೈದು ಸೆಂಟಿಮೀಟರ್ ದಾಟದ ತಗಡಿನಂತಹ ಪಾನಾ. ಲೆಕ್ಕ ನೋಡಿ: ನಟ್ಟನ್ನು 60 ನ್ಯೂಟನ್ ಮೀಟರ್ ತಿರುಚುಬಲದಲ್ಲಿ ಬಿಗಿ ಮಾಡಿದ್ದರೆ, ಆ ಗಿಡ್ಡ ಪಾನಾದ ತುದಿಗೆ ಸುಮಾರು 40 ಕಿಲೋ ಭಾರ ಹಾಕಬೇಕು. 30 ಸೆಂಟಿಮೀಟರ್ ಉದ್ದದ್ದಾದರೆ 20 ಕಿಲೋ ಸಾಕು. ಅದರ ಮೇಲೆ, ಸರ್ವಿಸ್ ಮಾಡುವವರು ಗಾಳಿಯ ಒತ್ತಡದಿಂದ ತಿರುಗುವ ಏರ್ ಗನ್ನಿನಿಂದ ಬಿಗಿದಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ.

ಆದ್ದರಿಂದ ಈ ಅಳತೆಗೆ ರಿಂಗ್ ಪಾನಾವನ್ನೇ ಕೊಳ್ಳಿ. ತೆರೆದ ಬಾಯಿಯ ಪಾನಾ ನಟ್ಟಿನ ಎರಡೇ ಮಗ್ಗುಲನ್ನು ಹಿಡಿಯುತ್ತದೆ, ರಿಂಗ್ ಆರೂ ಮೂಲೆಗಳನ್ನು ಸುತ್ತುವರಿಯುತ್ತದೆ. ಆಕ್ಸಲ್‌ನ ಇನ್ನೊಂದು ತುದಿಯನ್ನೂ ಮರೆಯದೆ ನೋಡಿ. ಕೆಲವು ಬೈಕ್‌ಗಳಲ್ಲಿ ಅಲ್ಲಿರುವ ಬೋಲ್ಟಿನ ತಲೆ ಬೇರೆ ಅಳತೆಯದು. ಅದನ್ನು ಹಿಡಿದುಕೊಳ್ಳದೆ ನಟ್ಟು ತಿರುಗಿಸಿದರೆ ಆಕ್ಸಲ್ ಪೂರ್ತಿ ಸುತ್ತುತ್ತದೆ, ನಟ್ಟು ಮಾತ್ರ ಇದ್ದಲ್ಲೇ ಇರುತ್ತದೆ.

ಈಗ ಮನೆಯಲ್ಲೇ ಒಮ್ಮೆ ಚೈನ್ ಬಿಗಿ ಮಾಡಿ ನೋಡಿ. ಎಂಜಿನ್ ಆಫ್ ಇರಲಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಓಡಿಸಿ ಚಕ್ರ ತಿರುಗಿಸುವವರಿದ್ದಾರೆ, ಅವರ ಬೆರಳುಗಳ ಬಗ್ಗೆ ನನಗೆ ಭಯವಿದೆ. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಕೆಳಗಿನ ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿ. ಚೈನ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲೇ ಅಳೆಯಿರಿ. ಸಾಮಾನ್ಯ ಬೈಕ್‌ಗಳಲ್ಲಿ 25ರಿಂದ 35 ಮಿಲಿಮೀಟರ್ ಆಡಬೇಕು. ನಿಮ್ಮ ಬೈಕಿನ ಸರಿಯಾದ ಅಳತೆಗೆ ಕೈಪಿಡಿ ನೋಡಿ, ಅದೇ ಅಂತಿಮ.

ಆಕ್ಸಲ್ ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಎಡಗಡೆಯದನ್ನು ಕಾಲು ಸುತ್ತು, ಬಲಗಡೆಯದನ್ನು ಕಾಲು ಸುತ್ತು, ಹೀಗೆ ಎರಡೂ ಅಡ್ಜಸ್ಟರ್‌ಗಳನ್ನು ಸಮವಾಗಿ ತಿರುಗಿಸಿ. ಎರಡೂ ಕಡೆಯ ಗೆರೆ ಗುರುತುಗಳು ತಾಳೆಯಾಗಬೇಕು. ಇಲ್ಲದಿದ್ದರೆ ಚಕ್ರ ಓರೆಯಾಗಿ ಚೈನೂ ಸ್ಪ್ರಾಕೆಟ್ಟೂ ಬೇಗ ಸವೆಯುತ್ತವೆ. ಆಕ್ಸಲ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಬಿಗಿಯುವಾಗ ಚಕ್ರ ಸ್ವಲ್ಪ ಸರಿಯುತ್ತದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಸರಿದಾಗ ಬ್ರೇಕ್ ಪೆಡಲಿನ ಆಟವೂ ಬದಲಾಗಿರುತ್ತದೆ. ಅದನ್ನು ಸರಿ ಮಾಡದೆ ಗೇಟು ದಾಟಬೇಡಿ.

ಹಂತ 4: ಪ್ಲಗ್

ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕ್‌ಗಳು ತಯಾರಾದ ಊರು ನಮ್ಮದು. ಆ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್ ಸುಟ್ಟು ಪ್ಲಗ್ಗಿಗೆ ಮಸಿ ಹಿಡಿಯುತ್ತಿದ್ದುದರಿಂದ ಪ್ಲಗ್ ಬಿಚ್ಚಿ ಉಜ್ಜುವುದು ಎಲ್ಲರಿಗೂ ಕರಗತವಾಗಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ಬಹುತೇಕ ಬೈಕ್‌ಗಳಿಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯಲ್ ಇಂಜೆಕ್ಷನ್ ಬಂತು, ಪ್ಲಗ್‌ನ ಕಾಟ ಕಡಿಮೆಯಾಯಿತು. ತಂದೆಯ ಕಾಲದ 21ರ ಪ್ಲಗ್ ಪಾನಾ ಈಗಿನ ಅನೇಕ ಬೈಕ್‌ಗಳ 16ರ ಪ್ಲಗ್ಗಿಗೆ ಬರುವುದಿಲ್ಲ, ಅದನ್ನು ಚೀಲಕ್ಕೆ ತುಂಬಬೇಡಿ. ಕಿಟ್‌ನ ಕೊಳವೆ ಪಾನಾ ಈ ಕೆಲಸದ ಮಟ್ಟಿಗೆ ನಡೆಯುತ್ತದೆ. ಎಂಜಿನ್ ತಣ್ಣಗಿರುವಾಗ ಬಿಚ್ಚಿ. ಹಾಕುವಾಗ ಮೊದಲ ಸುತ್ತುಗಳು ಕೈಬೆರಳಿನಿಂದಲೇ ಆಗಬೇಕು. ಅಲ್ಯೂಮಿನಿಯಂ ಹೆಡ್ಡಿನ ಮರೆ (ಪ್ಲಗ್ ಕೂರುವ ತಿರುಪಿನ ಎಳೆ) ಕಿತ್ತುಹೋದರೆ ಖರ್ಚು ಸಣ್ಣದಲ್ಲ.

ಹಂತ 5: ಅಂಗಡಿಗೆ ಹೋಗಿ

ಚೀಟಿ ಹಿಡಿದು ಮೈಸೂರಿನಲ್ಲಾದರೆ ಸಂತೆಪೇಟೆ ಸುತ್ತ, ಮಂಡ್ಯದಲ್ಲಾದರೆ ಪೇಟೆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಹುಡುಕಿ. 8-10 ಮತ್ತು 12-14ರ ಪಾನಾಗಳು, ಆಕ್ಸಲ್‌ಗೆ ರಿಂಗ್, ಒಂದು ಒಳ್ಳೆಯ ಸ್ಕ್ರೂಡ್ರೈವರ್, ಸಣ್ಣ ಕಟಿಂಗ್ ಪ್ಲೇಯರ್. ಹೆಸರಿಲ್ಲದ ಹೊಳೆಯುವ ಮಾಲು ಬೇಡ. ತಪಾರಿಯಾದಂತಹ ಹೆಸರಾಂತ ಕಂಪನಿಯ ಬಿಡಿ ಪಾನಾ ನಾಲ್ಕೇ ಆದರೂ ಸಾಕು.

ಆನ್‌ಲೈನಿನಲ್ಲಿ ಎಲ್ಲರೂ ಕೊಳ್ಳುವ 46 ತುಂಡುಗಳ ಸಾಕೆಟ್ ಪೆಟ್ಟಿಗೆಗೆ ಮಾರುಹೋಗಬೇಡಿ. ಅದು ಸಾಮಾನ್ಯವಾಗಿ 14ರ ಅಳತೆಗೇ ನಿಲ್ಲುತ್ತದೆ. ಸಾಕೆಟ್ ಕೂರುವ ತುದಿ ಕಾಲು ಇಂಚಿನದಾದ ಆ ಹಿಡಿಯಿಂದ ಆಕ್ಸಲ್ ನಟ್ಟು ಅಲುಗಾಡುವುದೂ ಇಲ್ಲ.

ಟ್ಯೂಬ್‌ಲೆಸ್ ಟೈರ್ ಇದ್ದರೆ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪು ಇರಲೇಬೇಕು. ಪಂಕ್ಚರ್ ಕಿಟ್ ಕೊಳ್ಳುವಾಗ ಲೋಹದ ಹಿಡಿಯದನ್ನೇ ಆರಿಸಿ, ಪ್ಲಾಸ್ಟಿಕ್ ಹಿಡಿ ಟೈರಿಗೆ ಚುಚ್ಚಿ ತಿರುಚುವಾಗಲೇ ಮುರಿಯುತ್ತದೆ. 2023ರ ಆಗಸ್ಟ್ 1ರಿಂದ ಮೈಸೂರು-ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್‌ಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯ ಮೊಳೆ, ಗಾಜಿನ ಚೂರುಗಳೆಲ್ಲ ನಮ್ಮ ಪಾಲಿಗೇ.

ಹಂತ 6: ಕಟ್ಟಿ ಇಡಿ

ಪಾನಾಗಳಿಗೆ ಒಂದು ಹನಿ ಎಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಳೆ ಹಾಕಿ. ಲೊಡಲೊಡ ಸದ್ದೂ ಇಲ್ಲ, ತುಕ್ಕೂ ಇಲ್ಲ. ಎರಡು ಫ್ಯೂಸ್ ಅದರಲ್ಲೇ ಇರಲಿ, ಆಂಪಿಯರ್ ನೋಡಿ ತನ್ನಿ.

ಕಂಪನಿ ಕೊಟ್ಟ ಕಿಟ್ ಎಸೆಯಬೇಡಿ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡುವ ಕೊಕ್ಕೆ ಪಾನಾ ಅದರಲ್ಲಿದ್ದರೆ ಅದನ್ನು ಹೊಸ ಕಟ್ಟಿಗೆ ಸೇರಿಸಿ, ಏಕೆಂದರೆ ಸರಿಹೊಂದುವ ಕೊಕ್ಕೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮಿಕ್ಕಿದ್ದನ್ನು ಮನೆಯ ಕಪಾಟಿನಲ್ಲಿಡಿ. ಬೈಕ್ ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಎರಡನೇ ಕೀ, ಆಮೇಲೆ ಟೂಲ್ ಕಿಟ್.