ಡೆಸ್ಕ್‌ಟಾಪ್‌ಗೆ ರೈಜನ್ ಪ್ರೊಸೆಸರ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಎಎಂಡಿ ಕಂಪನಿಯ ರೈಜನ್ ಸಾಲಿನಲ್ಲಿ ರೈಜನ್ 7 5700 ಅಂತ ಒಂದು ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಲೆಕ್ಕದ ಚಿಪ್) ಇದೆ. ರೈಜನ್ 7 5700ಎಕ್ಸ್ ಅಂತ ಇನ್ನೊಂದಿದೆ. ಎರಡರಲ್ಲೂ 8 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು). ಗರಿಷ್ಠ ವೇಗ ಎರಡಕ್ಕೂ 4.6 ಗಿಗಾಹರ್ಟ್ಸ್. ವ್ಯಾಟ್ ಲೆಕ್ಕವೂ ಒಂದೇ, 65. ಕೊನೆಯ ಒಂದು ಅಕ್ಷರಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಒಳಗಿರುವ ಚಿಪ್ಪೇ ಬೇರೆ. ಎಕ್ಸ್ ಇರುವುದರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಪುಟ್ಟ ಮೆಮೊರಿ), ಇಲ್ಲದ್ದರಲ್ಲಿ ಬರೀ 16. ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ದಾರಿಯಾದ ಪಿಸಿಐಇ ಎಕ್ಸ್ ಇಲ್ಲದ್ದರಲ್ಲಿ 3.0, ಎಕ್ಸ್ ಇರುವುದರಲ್ಲಿ 4.0. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾಗಿ ಡಬ್ಬದ ಮೇಲಿನ ಸಂಖ್ಯೆಯನ್ನಷ್ಟೇ ನಂಬಬೇಡಿ. ಒಳಗೇನಿದೆ ನೋಡಿ ಆರಿಸಿ.

ಹೆಜ್ಜೆ 1: ಒಳಗಿನ ರಚನೆ ತಿಳಿಯಿರಿ

ಎಎಂಡಿ ಕಂಪನಿ ಮೊದಲ ರೈಜನ್ ಬಿಟ್ಟಿದ್ದು 2017ರ ಮಾರ್ಚ್‌ನಲ್ಲಿ. ಆಗ ಎಲ್ಲವೂ ಒಂದೇ ಚಿಪ್‌ನಲ್ಲಿತ್ತು. 2019ರ 3000 ಸರಣಿಯಲ್ಲಿ ದೊಡ್ಡ ಬದಲಾವಣೆ ಬಂತು. ಲೆಕ್ಕ ಮಾಡುವ ಕೋರ್‌ಗಳನ್ನು ಒಂದು ಪುಟ್ಟ ತುಂಡಿನಲ್ಲಿಟ್ಟರು. ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ಕೆಲಸವನ್ನು ಇನ್ನೊಂದು ತುಂಡಿಗೆ ಬಿಟ್ಟರು. ಇದಕ್ಕೆ ಚಿಪ್‌ಲೆಟ್ ವಿನ್ಯಾಸ ಎನ್ನುತ್ತಾರೆ.

ಕೋರ್‌ಗಳ ಆ ತುಂಡು ಸುಮಾರು 74 ಚದರ ಮಿಲಿಮೀಟರ್. ಬೆರಳಿನ ಉಗುರಿನಷ್ಟು ಅನ್ನಿ. ಅದರಲ್ಲಿ 8 ಕೋರ್. ತಯಾರಿಕೆಯಲ್ಲಿ ಒಂದೆರಡು ಕೋರ್ ಕೆಟ್ಟರೆ ತುಂಡನ್ನು ಎಸೆಯಬೇಕಿಲ್ಲ, ಆ ಎರಡನ್ನು ಮುಚ್ಚಿ 6 ಕೋರ್‌ನ ಪ್ರೊಸೆಸರ್ ಮಾಡಬಹುದು. ಎರಡು ತುಂಡು ಪಕ್ಕಪಕ್ಕ ಇಟ್ಟರೆ 16 ಕೋರ್. ಇಡೀ ಸರಣಿಗೆ ಒಂದೇ ಇಟ್ಟಿಗೆ! ನನಗೆ ರೈಜನ್‌ನಲ್ಲಿ ತುಂಬಾ ಇಷ್ಟವಾಗುವುದು ಈ ಯೋಚನೆಯೇ.

ಆದರೆ 3000 ಸರಣಿಯಲ್ಲಿ ಒಂದು ತೊಡಕಿತ್ತು. 8 ಕೋರ್‌ಗಳು ನಾಲ್ಕು ನಾಲ್ಕರ ಎರಡು ಗುಂಪಾಗಿದ್ದವು. ಕ್ಯಾಶ್ ಕೂಡ 16-16 ಎಂಬಿಯಾಗಿ ಹಂಚಿಹೋಗಿತ್ತು. ಈ ಗುಂಪಿನ ಕೋರ್ ಆ ಗುಂಪಿನ ಜೊತೆ ಮಾತಾಡಬೇಕಾದರೆ ಹೊರಗಿನ ತುಂಡಿಗೆ ಹೋಗಿ ಸುತ್ತಿ ಬರಬೇಕು. 2020ರ ನವೆಂಬರ್‌ನಲ್ಲಿ ಬಂದ 5000 ಸರಣಿ ಈ ಗೋಡೆ ಒಡೆಯಿತು. 8 ಕೋರ್‌ಗೂ ಸೇರಿ ಒಂದೇ 32 ಎಂಬಿ ಕ್ಯಾಶ್. ಗೇಮ್‌ಗಳಲ್ಲಿ ಅದು ಅಷ್ಟು ಮುಂದೆ ಹೋಗಲು ಇದೂ ಒಂದು ಮುಖ್ಯ ಕಾರಣ.

ಹೆಜ್ಜೆ 2: ಕೊನೆಯ ಅಕ್ಷರ ಓದಿ

ಜಿ ಎಂದರೆ ಶಕ್ತಿಯುತ ಗ್ರಾಫಿಕ್ಸ್ ಒಳಗೇ ಇದೆ. ಬೇರೆ ಕಾರ್ಡ್ ಬೇಡದವರಿಗೆ ಇದು ಸರಿ. ಆದರೆ 5000 ಮತ್ತು 8000 ಸರಣಿಯ ಜಿ ಪ್ರೊಸೆಸರ್‌ಗಳು ಚಿಪ್‌ಲೆಟ್ ಅಲ್ಲ, ಒಂದೇ ಚಿಪ್. ಕ್ಯಾಶ್ 16 ಎಂಬಿಗಿಂತ ಜಾಸ್ತಿ ಇರುವುದಿಲ್ಲ. ಮೊದಲು ಹೇಳಿದ 5700 ಕೂಡ ಈ ಜಾತಿಯದೇ, ಗ್ರಾಫಿಕ್ಸ್ ಮಾತ್ರ ಮುಚ್ಚಿದ್ದಾರೆ. 5500 ಕೂಡ ಹಾಗೇ. ಎಫ್ ಎಂದರೆ ಗ್ರಾಫಿಕ್ಸ್ ಇಲ್ಲ.

ಎಕ್ಸ್3ಡಿ ಗೇಮ್ ಆಡುವವರ ಅಕ್ಷರ. 2022ರ 5800ಎಕ್ಸ್3ಡಿಯಲ್ಲಿ ಕೋರ್‌ಗಳ ತುಂಡಿನ ಮೇಲೆ ಇನ್ನೂ 64 ಎಂಬಿ ಕ್ಯಾಶ್ ಅಟ್ಟದಂತೆ ಕೂರಿಸಿದರು, ಒಟ್ಟು 96 ಎಂಬಿ. ಆದರೆ ಶಾಖ ಮೇಲೆ ಹೋಗಲು ಅಟ್ಟವೇ ಅಡ್ಡ. ಹಾಗಾಗಿ ವೇಗವನ್ನು 4.5 ಗಿಗಾಹರ್ಟ್ಸ್‌ಗೆ ಇಳಿಸಬೇಕಾಯಿತು. 2024ರ 9800ಎಕ್ಸ್3ಡಿಯಲ್ಲಿ ಕ್ಯಾಶನ್ನು ಕೋರ್‌ಗಳ ಕೆಳಗೆ ಹಾಕಿದರು. ಈಗ ಕೋರ್‌ಗಳು ಪ್ರೊಸೆಸರ್ ತಣಿಸುವ ಕೂಲರ್‌ಗೆ ಹತ್ತಿರ, ವೇಗ 5.2ರವರೆಗೆ. ಆಫೀಸ್ ಕೆಲಸಕ್ಕೆ, ವಿಡಿಯೊ ಎಡಿಟಿಂಗ್‌ಗೆ ಸುಮ್ನೆ ಇದನ್ನು ತೆಗೆದುಕೊಳ್ಳಬೇಡಿ. ಎಡಿಟಿಂಗ್‌ಗೆ ಬೇಕಾದ್ದು ಹೆಚ್ಚು ಕೋರ್.

ಹೆಜ್ಜೆ 3: ಸಾಕೆಟ್ ಹೊಂದಿಸಿ

ಸಾಕೆಟ್ ಎಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ. 5000 ಸರಣಿವರೆಗಿನವು ಎಎಂ4 ಸಾಕೆಟ್, ಡಿಡಿಆರ್4 ರ‍್ಯಾಮ್. 7000, 8000 ಮತ್ತು 9000 ಎಎಂ5, ಡಿಡಿಆರ್5 ಮಾತ್ರ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಸಾಕೆಟ್ ಒಂದೇ ಆದರೂ ಬೋರ್ಡ್‌ನ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಹಳೆಯದಾದರೆ ಹೊಸ ಪ್ರೊಸೆಸರ್ ಗುರುತು ಸಿಗುವುದಿಲ್ಲ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ, ನೋಡಿಕೊಳ್ಳಿ.

ಕೂಲರ್ ಕೊಳ್ಳುವಾಗ 65 ವ್ಯಾಟ್ ಎಂದು ಬರೆದ ಪ್ರೊಸೆಸರ್ 88 ವ್ಯಾಟ್‌ವರೆಗೆ ಎಳೆಯಬಲ್ಲದು, 170ರದ್ದು 230ರವರೆಗೆ ಎಂಬುದು ನೆನಪಿರಲಿ.

ಹೆಜ್ಜೆ 4: ಕೂರಿಸಿ

ಎಎಂ4ರಲ್ಲಿ 1331 ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರುತ್ತವೆ. ಎಎಂ5ರಲ್ಲಿ ಪ್ರೊಸೆಸರ್ ಚಪ್ಪಟೆ, 1718 ಪಿನ್‌ಗಳಿರುವುದು ಬೋರ್ಡ್‌ನಲ್ಲಿ. ಎರಡರ ಪಿನ್‌ಗಳನ್ನೂ ಬೆರಳಿಂದ ಮುಟ್ಟಬೇಡಿ. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ಸುಮ್ನೆ ಇಳಿಬಿಡಿ. ಒತ್ತಬೇಡಿ. ಸರಿಯಾಗಿದ್ದರೆ ತಾನಾಗಿ ಕೂರುತ್ತದೆ.

ಹಳೆಯ ಎಎಂ4 ಕೂಲರ್ ಬಿಚ್ಚುವಾಗ ಮಾತ್ರ ಜಾಸ್ತಿ ಎಚ್ಚರ ಬೇಕು. ಶಾಖ ದಾಟಿಸಲು ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿನಂತಾಗಿರುತ್ತದೆ. ನೇರ ಮೇಲೆ ಎಳೆದರೆ ಸಾಕೆಟ್‌ನ ಲಿವರ್ (ಪ್ರೊಸೆಸರನ್ನು ಹಿಡಿದಿಡುವ ಹಿಡಿಕೆ) ಹಾಕಿದ್ದರೂ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ. ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಪೇಸ್ಟ್ ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಆಗ ಎತ್ತಿ.

ಎಎಂ5 ಯಂತ್ರವನ್ನು ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗೇ ಇರಬಹುದು. ಬೋರ್ಡ್ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಕೆಟ್ಟಿತು ಅಂದುಕೊಂಡು ಪವರ್ ತೆಗೆಯಬೇಡಿ, ಕಾಯಿರಿ. ಪರದೆ ಬಂದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ ನೀವು ಕೊಂಡ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ.